ಕಾಡಿಗೆ ಮೀಸೆಯ ಇಪ್ಪತ್ತೆರಡನೆಯವನು

ನಮ್ಮ ಗೊಂಬೆ ಪೆಟ್ಟಿಗೆಯ ತಳದಲ್ಲಿ ಒಂದು ಪ್ಲೈವುಡ್ ಹಲಗೆ ಇದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದರ ಮೇಲೆ ಒಣಗಿದ ಅಂಟಿನ ಇಪ್ಪತ್ತೆರಡು ವೃತ್ತಗಳಿವೆ, ಹನ್ನೊಂದರಂತೆ ಎರಡು ಸಾಲು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಜಾಗ ಎಲ್ಲಿ ಅಳೆದರೂ ಒಂದೇ. ಹಾಗೆ ಅಳೆದು ಗುರುತು ಹಾಕಿದವನು ನಾನು. ಮಸ್ಕತ್ತಿನಲ್ಲಿ ಹದಿನಾಲ್ಕು ವರ್ಷದಿಂದ ಕಟ್ಟಡಗಳ ನಕ್ಷೆ ಬರೆಯುವುದೇ ನನ್ನ ಕೆಲಸ, ಸಾಲು ಸಮವಾಗಿರದಿದ್ದರೆ ನನಗೆ ಊಟ ಸೇರುವುದಿಲ್ಲ. ಕಳೆದ ವಾರ ನವರಾತ್ರಿಗೆಂದು ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಾಗ ಎನಾಮೆಲ್ ಬಣ್ಣದ ಹಳೆಯ ವಾಸನೆ ಮೂಗಿಗೆ ಬಂತು. ಎಂಟು ವರ್ಷವಾಯಿತು, ಆ ವಾಸನೆ ಇನ್ನೂ ಹೋಗಿಲ್ಲ. "ಈ ಹಲಗೆ ಎಸೆದುಬಿಡೋಣ್ವಾ?" ಎಂದು ನನ್ನ ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ. ಪ್ರತಿ ವರ್ಷ ಅವಳೇ ಅದನ್ನು ಒರೆಸಿ ಮತ್ತೆ ಒಳಗಿಡುತ್ತಾಳೆ.

ಆ ವೃತ್ತಗಳ ಮೇಲೆ ಒಂದು ಕಾಲದಲ್ಲಿ ಇಪ್ಪತ್ತೆರಡು ಸಿಪಾಯಿಗಳು ನಿಂತಿದ್ದರು. ಅವರನ್ನು ಕೊಟ್ಟವರು ಕೆಳಗಿನ ಫ್ಲ್ಯಾಟಿನ ಹವಾಲ್ದಾರ್ ಅಂಕಲ್. ಸರಿಯಾಗಿ ಹೇಳಬೇಕೆಂದರೆ ಅವರು ಕೊಟ್ಟದ್ದು ಇಪ್ಪತ್ತೊಂದು. ಉಳಿದ ಒಂದರ ಕಥೆಯನ್ನು ಇಷ್ಟು ವರ್ಷ ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ...

ಆಗ ನಾವು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ, ಎರಡು ಗ್ಯಾರೇಜುಗಳ ನೆತ್ತಿಯ ಮೇಲಿದ್ದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದೆವು. ಎರಡನೇ ಮಹಡಿಯಲ್ಲಿ ನಮ್ಮ ಕಾಲಡಿಗೇ ಅಂಕಲ್ ಮತ್ತು ಆಂಟಿ. ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರು. ಅಂಕಲ್ ಪ್ರಾಯದಲ್ಲಿ ಹದಿನೇಳು ವರ್ಷ ಸೇನೆಯ ಮದ್ದುಗುಂಡಿನ ಉಗ್ರಾಣದಲ್ಲಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ, ಆಮೇಲೆ ಒಮಾನಿಗೆ ಬಂದವರು. ರುಸೈಲ್‌ನ ಒಂದು ಗುಜರಿ ಯಾರ್ಡಿನಲ್ಲಿ ಸ್ಟೋರ್‌ಕೀಪರ್. ಎಲ್ಲೆಲ್ಲಿಯದೋ ಸೇನೆಗಳು ಬೇಡವೆಂದು ಹರಾಜು ಹಾಕಿದ ಹಿತ್ತಾಳೆ ಅಲ್ಲಿಗೆ ಡ್ರಮ್ಮುಗಟ್ಟಲೆ ಬಂದು ಬೀಳುತ್ತಿತ್ತು. ಅದರಲ್ಲಿ ಕರಗಿಸಬಹುದಾದದ್ದು ಯಾವುದು, ಮುಟ್ಟಲೇಬಾರದ್ದು ಯಾವುದು ಎಂದು ಬೇರೆ ಮಾಡುವುದು ಅಂಕಲ್ ಕೆಲಸ. ಅವರು ನೋಡಿ ತಲೆಯಾಡಿಸದೆ ಒಂದು ಮೊಳೆಯೂ ಕುಲುಮೆಗೆ ಹೋಗುತ್ತಿರಲಿಲ್ಲ.

ಅವರ ಎರಡು ನಿಯಮಗಳು ಇಡೀ ಕಟ್ಟಡಕ್ಕೆ ಗೊತ್ತಿದ್ದವು. ಮೊದಲನೆಯದು, "ಮೊದಲು ಕಣ್ಣು, ಮತ್ತೆ ಬೆನ್ನು, ಕಡೆಗೆ ಕೈ." ಯಾವ ವಸ್ತುವನ್ನಾದರೂ ಮೊದಲು ದೂರದಿಂದ ನೋಡಬೇಕು, ಆಮೇಲೆ ಅದರ ಹಿಂಭಾಗ ನೋಡಬೇಕು, ಮುಟ್ಟುವುದು ಏನಿದ್ದರೂ ಕೊನೆಗೆ. ಇದನ್ನು ಅವರು ಗುಂಡುಗಳಿಗೆ ಮಾತ್ರ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಅಂಗಡಿಯಲ್ಲಿ ಟೊಮೆಟೊ ಕೊಳ್ಳುವಾಗಲೂ ಬುಟ್ಟಿಯ ಮುಂದೆ ಎರಡು ನಿಮಿಷ ಕೈಕಟ್ಟಿ ನಿಲ್ಲುತ್ತಿದ್ದರು. ಮದುವೆ ಊಟದಲ್ಲಿ ತಟ್ಟೆ ಕೊಟ್ಟರೆ ಮಗುಚಿ ತಳ ನೋಡುತ್ತಿದ್ದರು. "ನನ್ನನ್ನು ನೋಡ್ಲಿಕ್ಕೆ ಬಂದ ದಿವಸ ಕಾಫಿ ಇಟ್ಟು ತಿರುಗಿ ಹೋಗುವವರೆಗೆ ಇವರು ಬಾಯೇ ಬಿಡ್ಲಿಲ್ಲ, ಹೋದ ಮೇಲೆ ಒಪ್ಪಿಗೆ ಅಂದ್ರು" ಎಂದು ಆಂಟಿ ಹೇಳಿ ನಗುತ್ತಿದ್ದರು. ಅಂಕಲ್ ನಗುತ್ತಿರಲಿಲ್ಲ. ಕ್ರಮ ತಪ್ಪಿಲ್ಲವಲ್ಲ ಎಂಬಂತೆ ಕೂತಿರುತ್ತಿದ್ದರು.

ಎರಡನೆಯ ನಿಯಮ, ಮನೆಯೊಳಗೆ ಕೆಂಪು ಪೆನ್ನು ಬರಕೂಡದು. ಸೇನೆಯಲ್ಲಿ ಯಾರಾದರೂ ತಪ್ಪು ಮಾಡಿದರೆ ಅವರ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರಂತೆ. ಹದಿನೇಳು ವರ್ಷದ ಸೇವೆಯಲ್ಲಿ ಅಂಕಲ್ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆಯೂ ಬಿದ್ದಿರಲಿಲ್ಲ. ಒಮಾನಿನ ಇಪ್ಪತ್ತಮೂರು ವರ್ಷದಲ್ಲಿಯೂ ಇಲ್ಲ. ಒಮ್ಮೆ ನಮ್ಮ ಮಗ, ಆಗ ಆರು ವರ್ಷದವನು, ಅವರ ಮನೆಗೆ ಕೆಂಪು ಸ್ಕೆಚ್ ಪೆನ್ನು ತೆಗೆದುಕೊಂಡು ಹೋಗಿದ್ದ. ಅಂಕಲ್ ಅದನ್ನು ಬಾಗಿಲಲ್ಲೇ ಇಸಿದುಕೊಂಡು, ಚಪ್ಪಲಿಯ ಪಕ್ಕದಲ್ಲಿಟ್ಟು, ಹೋಗುವಾಗ ಜೋಪಾನವಾಗಿ ವಾಪಸು ಕೊಟ್ಟರು.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಕಪ್ಪು ರಟ್ಟಿನದು, ಬೆನ್ನಿಗೆ ಬಟ್ಟೆಯ ಪಟ್ಟಿ. ಯಾರ್ಡಿಗೆ ಬಂದ ತರಬೇತಿ ಗುಂಡುಗಳಲ್ಲಿ ಹೊಸ ಜಾತಿ ಯಾವುದಾದರೂ ಕಂಡರೆ ಅದರ ಚಿತ್ರವನ್ನು ನೀಲಿ ಪೆನ್ನಿನಲ್ಲಿ ಬರೆದು, ಕೆಳಗೆ ನಾಲ್ಕು ಸಾಲು ಮಾಹಿತಿ ಕನ್ನಡದಲ್ಲಿ. ತೂತು, ಗೀರು, ಬೆನ್ನು, ತಂದವರು. ಪ್ರತಿ ಪುಟದಲ್ಲಿಯೂ ಇದೇ ನಾಲ್ಕು. ನಕ್ಷೆ ಬರೆಯುವವನಾದ ನನಗೆ ಆ ಚಿತ್ರಗಳ ಮೇಲೆ ಕಣ್ಣು ಬಿದ್ದಿತು. ಅಳತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ನಾನು ನಮ್ಮ ಆಫೀಸಿನ ಹುಡುಗರಿಗೆ ತೋರಿಸಬೇಕೆಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಚಹಾ ಹೊತ್ತಿಗೆ ನನಗೆ ಪಾಠ. ಯಾರ್ಡಿನಿಂದ ಏನನ್ನೂ ಮನೆಗೆ ತರುವವರಲ್ಲ, ಹಾಗಾಗಿ ಪಾಠಕ್ಕೆ ಆಂಟಿಯ ತರಕಾರಿ ಬುಟ್ಟಿಯೇ ಆಧಾರ. ಒಂದು ಕ್ಯಾರೆಟ್ ತೆಗೆದು ನಡುವೆ ಹೆಣಿಗೆ ಕಡ್ಡಿಯಿಂದ ತೂತು ಮಾಡಿ ನನ್ನ ಮುಂದೆ ಹಿಡಿದರು.

"ಇದು ಡ್ರಿಲ್ಲಿನದ್ದು. ಹೊಸ ಸಿಪಾಯಿಗೆ ಬಂದೂಕಿಗೆ ತುಂಬ್ಲಿಕ್ಕೆ, ತೆಗಿಲಿಕ್ಕೆ ಕಲಿಸ್ಬೇಕಲ್ಲ ಮಾರಾಯ್ರೆ. ನಿಜದ್ದು ಕೊಟ್ರೆ ಕಲಿಸುವವ ಉಳಿಯುವುದಿಲ್ಲ. ಅದಕ್ಕೆ ಇದು. ಒಳಗೆ ಮದ್ದಿಲ್ಲ. ಮದ್ದಿಲ್ಲ ಅಂತ ಕಾಣ್ಲಿಕ್ಕೇ ತೂತು."

ಆಮೇಲೆ ಬೆಂಡೆಕಾಯಿ. ಕೆಲವು ದೇಶದವರು ತೂತು ಮಾಡುವುದಿಲ್ಲ, ಉದ್ದಕ್ಕೆ ಗೀರು ಹಾಕುತ್ತಾರೆ, ಕತ್ತಲಲ್ಲಿ ಕೈಗೆ ಸಿಕ್ಕರೂ ಬೆರಳಿಗೆ ಗೊತ್ತಾಗಬೇಕು ಎಂದು. ಆಮೇಲೆ ದೇವರ ಮುಂದಿದ್ದ ಮಲ್ಲಿಗೆ ಮೊಗ್ಗು. ತುದಿಯಲ್ಲಿ ಹೀಗೆ ಮಡಚಿಕೊಂಡದ್ದು ಶಬ್ದ ಮಾತ್ರ ಮಾಡುವುದು, ಆದರೆ ಅದರೊಳಗೆ ಮದ್ದು ಇರುತ್ತದೆ, ಹತ್ತಿರದಲ್ಲಿ ಅದೂ ಕೊಲ್ಲುತ್ತದೆ. ಕೆಲವು ತರಬೇತಿ ಗುಂಡುಗಳು ನೀಲಿ ಪ್ಲಾಸ್ಟಿಕ್ಕಿನವಂತೆ, ಅದಕ್ಕೆ ತೋರಿಸಲು ಅಂದು ಬುಟ್ಟಿಯಲ್ಲಿ ಏನೂ ಇರಲಿಲ್ಲ, ಬದನೆಕಾಯಿಯಲ್ಲಿ ಸುಧಾರಿಸಿದರು. "ಎಲ್ಲಕ್ಕೂ ಬೆನ್ನು ನೋಡ್ಬೇಕು. ಪಿನ್ನು ಹೊಡೆಯುವ ಜಾಗ ಅಲ್ಲಿ ಉಂಟು. ಸತ್ಯ ಇರುವುದು ಬೆನ್ನಲ್ಲಿ." ಒಳಗಿನಿಂದ ಆಂಟಿ, "ಪಾಠ ಮುಗಿದ್ರೆ ಆ ಕ್ಯಾರೆಟ್ ಕೊಡಿ, ಸಾಂಬಾರು ಕುದೀತಾ ಉಂಟು" ಎಂದರು. ಆ ದಿನ ಸಾಂಬಾರಿನಲ್ಲಿ ನನಗೆ ಡ್ರಿಲ್ಲಿನ ಕ್ಯಾರೆಟ್ಟೇ ಸಿಕ್ಕಿತು.

ಆ ವರ್ಷ ನಮ್ಮ ಮನೆಯ ಗೊಂಬೆಗೆ ಮಸ್ಕತ್ತಿನ ಕನ್ನಡದವರನ್ನೆಲ್ಲ ಕರೆಯಬೇಕೆಂದು ನನ್ನ ಹೆಂಡತಿ ಹಟ ತೊಟ್ಟಿದ್ದಳು. ಅವಳು ಮೈಸೂರಿನವಳು, ಜಂಬೂ ಸವಾರಿ ಮಾಡಿಯೇ ತೀರಬೇಕು. ಆನೆ ಇತ್ತು, ಅಂಬಾರಿಯನ್ನು ಚಾಕೊಲೇಟ್ ಡಬ್ಬಿಯಿಂದ ಮಾಡಿದ್ದಾಯಿತು. ಸಿಪಾಯಿಗಳಿರಲಿಲ್ಲ. ನೋಟ್‌ಬುಕ್ಕಿನಲ್ಲಿದ್ದ ದೊಡ್ಡ ಮೆಷಿನ್‌ಗನ್ನಿನ ಡ್ರಿಲ್ ಗುಂಡಿನ ಚಿತ್ರ ನನಗೆ ನೆನಪಾಯಿತು. ಅಂಗೈಗಿಂತ ಸ್ವಲ್ಪ ಉದ್ದ, ಭುಜ ಇಳಿದು ಚೂಪು ತಲೆ. ಕೆಂಪು ಕೋಟು ಬಳಿದು ತಲೆಗೆ ಪೇಟ ಸುತ್ತಿದರೆ ಸಾಕ್ಷಾತ್ ಅರಮನೆಯ ಕಾವಲುಗಾರ.

ಕೇಳಿದಾಗ ಅಂಕಲ್ ಮೊದಲು ಆಗುವುದಿಲ್ಲ ಎಂದರು. ನನ್ನ ಹೆಂಡತಿಯೇ ಕೆಳಗಿಳಿದು ಹೋಗಿ ಕೇಳಿದಳು. ಅವಳನ್ನು ಅವರು 'ಬಾಯೆ' ಎನ್ನುತ್ತಿದ್ದರು, ಕೊಂಕಣಿಯಲ್ಲಿ ಮಗಳಂಥವರನ್ನು ಹಾಗೆ ಕರೆಯುತ್ತಾರಂತೆ. ಬಾಯೆ ಕೇಳಿದ ಮೇಲೆ ಎರಡು ದಿನ ಯೋಚಿಸಿ, ಮ್ಯಾನೇಜರ ಹತ್ತಿರ ಬಾಯಿಮಾತಿನ ಒಪ್ಪಿಗೆ ಸಾಲದೆಂದು ಗೇಟ್ ಪಾಸ್ ಬರೆಸಿದರು. ತೂತಿರುವ ಹಿತ್ತಾಳೆ ಡ್ರಿಲ್ ಗುಂಡು, ಸಂಖ್ಯೆ ಇಪ್ಪತ್ತೊಂದು, ಧಾರ್ಮಿಕ ಗೊಂಬೆ ಪ್ರದರ್ಶನಕ್ಕೆ, ಹಿಂತಿರುಗಿಸತಕ್ಕದ್ದು. ಮಹಾರಾಜರಿಗೆ ಇಪ್ಪತ್ತೊಂದು ಕುಶಾಲತೋಪು ಎಂದು ಅವರ ಲೆಕ್ಕ. ಒಂದೊಂದರ ತೂತಿನಲ್ಲಿಯೂ ದಾರ ತೂರಿಸಿ ನೋಡಿ, ಒಂದೊಂದರ ಬೆನ್ನೂ ನೋಡಿ, ನನ್ನ ಕೈಯಲ್ಲಿಟ್ಟರು.

ನಾನು ಕಾರು ತೆಗೆದುಕೊಂಡು ಯಾರ್ಡಿಗೆ ಹೋಗಿದ್ದೆ. ಅಂಕಲ್ ಪಾಸಿಗೆ ಸೀಲು ಹಾಕಿಸಲು ಆಫೀಸಿನೊಳಗೆ ಹೋದಾಗ ನನ್ನ ತಲೆಯಲ್ಲಿ ಹಲಗೆಯ ನಕ್ಷೆ ಓಡುತ್ತಿತ್ತು. ಇಪ್ಪತ್ತೊಂದನ್ನು ಎರಡು ಸಾಲು ಮಾಡಿದರೆ ಒಂದರಲ್ಲಿ ಹನ್ನೊಂದು, ಇನ್ನೊಂದರಲ್ಲಿ ಹತ್ತು. ಒಂದು ಸಾಲಿನ ತುದಿ ಬೋಳು. ಆ ಬೋಳು ತುದಿಯನ್ನು ಒಂಬತ್ತು ದಿನ ನೋಡುವುದು ಹೇಗೆ... ಪಕ್ಕದಲ್ಲಿ ಒಂದು ಡ್ರಮ್ ಇತ್ತು, ಮೇಲೆ ಹಳದಿ ಬಟ್ಟೆ ಕಟ್ಟಿದ್ದರು. ಹಳದಿ ಬಟ್ಟೆ ಎಂದರೆ ಅಂಕಲ್ ಇನ್ನೂ ನೋಡಿಲ್ಲದ ಮಾಲು. ಅದು ನನಗೆ ಗೊತ್ತಿತ್ತು, ಅವರೇ ಹೇಳಿಕೊಟ್ಟಿದ್ದರು. ಆದರೂ ಕೈ ಹಾಕಿದೆ. ಅದೇ ಉದ್ದ, ಅದೇ ದಪ್ಪದ್ದೊಂದು ಮೇಲೆಯೇ ಸಿಕ್ಕಿತು. ಕಾರಿನ ಡ್ಯಾಶ್‌ಬೋರ್ಡಿನೊಳಗೆ ಹಾಕಿದೆ. ಬೆನ್ನು ನೋಡಲಿಲ್ಲ. ಒಂದು ವರ್ಷ ಶುಕ್ರವಾರ ತಪ್ಪದೆ ಪಾಠ ಕೇಳಿದವನು ನಾನು.

ಮನೆಯಲ್ಲಿ ನೋಡಿದರೆ ಅದಕ್ಕೆ ತೂತೂ ಇರಲಿಲ್ಲ, ಗೀರೂ ಇರಲಿಲ್ಲ. ನನಗೆ ಭಯವಾಗಬೇಕಿತ್ತು. ಆದದ್ದು ಖುಷಿ. ಏಕೆಂದರೆ ಉಳಿದ ಇಪ್ಪತ್ತೊಂದರ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ನಯ ಮಾಡಿ ನನ್ನ ಹೆಬ್ಬೆರಳ ಸಿಪ್ಪೆ ಸುಲಿದಿತ್ತು. ಸಿಪಾಯಿಯ ಹೊಟ್ಟೆಯಲ್ಲಿ ತೂತಿದ್ದರೆ ಚೆನ್ನಾಗಿರುತ್ತದೆಯೇ? ಇದೊಂದಕ್ಕೆ ಆ ಕೆಲಸ ತಪ್ಪಿತು, ಹಾಗಾಗಿ ಬಣ್ಣಕ್ಕೆ ಇದನ್ನು ಕೊನೆಗಿಟ್ಟೆ. ಕೆಂಪು ಎನಾಮೆಲ್ ಬಳಿದು, ತಳಕ್ಕೆ ಗಟ್ಟಿ ಅಂಟು ಹಾಕಿ ಎಲ್ಲವನ್ನೂ ಹಲಗೆಗೆ ನಿಲ್ಲಿಸಿದೆ. ಹೆಂಡತಿ ಮೀಸೆ ಬರೆದಳು. ಇಪ್ಪತ್ತೊಂದನೆಯ ಮೀಸೆಗೆ ಕಪ್ಪು ಬಣ್ಣ ಮುಗಿಯಿತು. ಅಂಗಡಿಗೆ ಯಾರು ಓಡುತ್ತಾರೆಂದು ಕೊನೆಯವನಿಗೆ ತನ್ನ ಕಾಡಿಗೆಯಲ್ಲಿ ತೀಡಿದಳು.

ಕರೆದ ದಿನ ಸಂಜೆ ನಮ್ಮ ಹಾಲಿನಲ್ಲಿ ಮೂವತ್ತು ಜನ ರೇಷ್ಮೆ ಸೀರೆಯವರು, ಅವರ ಮಕ್ಕಳು ಬೇರೆ. ಒಬ್ಬರು ಹಾಡುತ್ತಿದ್ದರು, ಉಳಿದವರು ಯಾವಾಗ ಮುಗಿಯುತ್ತದೆಂದು ಕಾಯುತ್ತಿದ್ದರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಕಡಲೆ ಉಸ್ಲಿ. ಅದು ಅಕ್ಟೋಬರ್ ತಿಂಗಳು, ಕ್ರೈಸ್ತರಿಗೆ ಜಪಸರದ ತಿಂಗಳು, ಕೊಂಕಣಿಯಲ್ಲಿ ತೇರ್ಸ್. ಕೆಳಗೆ ಅಂಕಲ್ ಮನೆಯಲ್ಲಿ ಅದೇ ದಿನ ಏಳು ಗಂಟೆಗೆ ತೇರ್ಸ್ ಇತ್ತು. ಅದಕ್ಕೆ ಮೊದಲು ಐದು ನಿಮಿಷ ನೋಡಿ ಹೋಗುತ್ತೇನೆಂದು ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಅಂಕಲ್ ಮೇಲೆ ಬಂದರು.

ಅವರು ಗೊಂಬೆಗಳ ಮುಂದೆ ಕೈಕಟ್ಟಿ ನಿಂತರು. ಮೊದಲು ಕಣ್ಣು. ತುಟಿ ಮಿಸುಕುತ್ತಿರುವುದು ನನಗೆ ಕಂಡಿತು. ಉಗ್ರಾಣದವರ ಅಭ್ಯಾಸ, ಸಾಲು ಕಂಡರೆ ಎಣಿಸುವುದು. ಒಮ್ಮೆ ಎಣಿಸಿದರು. ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಇಪ್ಪತ್ತೆರಡು ಉಂಟು."

ನಾನು ಹಾಡುವವರ ಕಡೆ ತಿರುಗಿದೆ.

"ತೂತೆಲ್ಲಿ?"

"ಪುಟ್ಟಿ ಹಾಕಿದ್ದೀನಿ ಅಂಕಲ್."

"ಬೆನ್ನು?"

"ಅಂಟಿಸಿದ್ದೀನಿ."

"ಹೆಚ್ಚಿನದ್ದು ಎಲ್ಲಿಂದ ತಂದದ್ದು?"

"ಹಳದಿ ಬಟ್ಟೆ ಡ್ರಮ್ಮಿನಿಂದ" ಎಂದೆ. ಅದಕ್ಕೆ ತೂತಿರಲಿಲ್ಲವೆಂದೂ ಹೇಳಿದೆ.

ಅವರ ಮುಖದಲ್ಲಿ ಕೋಪ ಕಾಣಲಿಲ್ಲ. ಹಿಂದಿನ ಸಾಲಿಗೆ ಒಂದು ಗೇಣು ದೂರದಲ್ಲಿ ಉರಿಯುತ್ತಿದ್ದ ಎರಡು ಎಣ್ಣೆ ದೀಪಗಳ ಮೇಲೆ ಅವರ ಕಣ್ಣು ನಿಂತಿತ್ತು. ಆಗ ನನ್ನ ಕಣ್ಣೂ ಅಲ್ಲಿಗೆ ಹೋಯಿತು. ನಮ್ಮ ಮಗ ಆ ದೀಪದ ಪಕ್ಕದಲ್ಲಿಯೇ ಆನೆಯ ಸೊಂಡಿಲು ಹಿಡಿದುಕೊಂಡು ಕೂತಿದ್ದ.

ಅಂಕಲ್ ಕೂಗಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಉಸ್ಲಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ಬಂದು, ಹಾಡಿನ ನಡುವೆಯೇ ಹೇಳಿದರು. "ಉಸ್ಲಿ ಕೆಳಗೆ ನಮ್ಮಲ್ಲಿ ಕೊಡುವುದು. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಯಲ್ಲಾ." ಅರಬ್ಬಿಯಲ್ಲಿ ಹಾಗೆ ಹೊರಡಿಸಿ ಬಾಗಿಲು ದಾಟಿಯೇ ಬಿಟ್ಟರು. ಬೆಂಕಿ ಬಿತ್ತೆಂದು ಕೂಗಿದ್ದರೂ ನಮ್ಮವರು ಚಪ್ಪಲಿ ಹುಡುಕುತ್ತ ಹತ್ತು ನಿಮಿಷ ಮಾಡುತ್ತಿದ್ದರು. ಪಾತ್ರೆ ಹೊರಟಿತೆಂದ ಮೇಲೆ ಒಂದು ನಿಮಿಷದಲ್ಲಿ ಹಾಲು ಖಾಲಿ. ಹಾಡುತ್ತಿದ್ದವರು ಮಾತ್ರ ಚರಣ ಮುಗಿಸಿಯೇ ಎದ್ದರು.

ಕೆಳಗೆ ತೇರ್ಸಿಗೆ ಹನ್ನೆರಡು ಜನ ಮಣಿಸರ ಹಿಡಿದು ಮೊಣಕಾಲೂರಿ ಕೂತಿದ್ದರಂತೆ. ಬಾಗಿಲು ತೆರೆದು ಅಂಕಲ್ ಉಸ್ಲಿ ಪಾತ್ರೆಯೊಂದಿಗೆ ಬಂದರು, ಅವರ ಹಿಂದೆ ಮೈಸೂರು ರೇಷ್ಮೆಯ ಮೆರವಣಿಗೆ. ಆಂಟಿ ಒಂದು ಕ್ಷಣ ಗಂಡನ ಮುಖ ನೋಡಿದರು. ಏನೂ ಕೇಳದೆ, "ಬನ್ನಿ, ಕೂತ್ಕೊಳ್ಳಿ, ಜಾಗ ಮಾಡುವ" ಎಂದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ಸಾಕಿತ್ತೇನೋ.

ಮೇಲೆ ನಮ್ಮ ಹಾಲಿನಲ್ಲಿ ಬೇರೆಯೇ ತಗಾದೆ. ವಾಪಸು ಬಂದ ಅಂಕಲ್ ದೀಪ ಆರಿಸಬೇಕೆಂದರು. ಏನು ನಡೆಯುತ್ತಿದೆಯೆಂದೇ ತಿಳಿಯದ ನನ್ನ ಹೆಂಡತಿ, ನವರಾತ್ರಿಯ ದೀಪ ಆರಿಸುವುದಿಲ್ಲ ಎಂದಳು. ನಾನು ವಿಷಯ ಹೇಳಿದೆ. ಅವಳು ಬಿಳುಚಿಕೊಂಡಳು, ಆದರೂ ಆರಿಸಲಿಲ್ಲ. ಉರಿಯುತ್ತಿದ್ದಂತೆಯೇ ಎರಡೂ ದೀಪಗಳನ್ನು ತಟ್ಟೆಯಲ್ಲಿಟ್ಟು, ಸೆರಗು ಅಡ್ಡ ಹಿಡಿದು, ಮೆಟ್ಟಿಲಿಳಿದು ಹೋಗಿ ಆಂಟಿಯ ಮನೆಯ ಮೇರಿ ಮಾತೆಯ ಮುಂದಿಟ್ಟು ಬಂದಳು.

"ಯಾವುದು ಅಂತ ಗೊತ್ತುಂಟಾ?" ಎಂದು ಅಂಕಲ್ ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಒಂದೇ ಕೆಂಪು ಕೋಟು, ಒಂದೇ ಪೇಟ, ಒಂದೇ ಅಂತರ. ಸಮ ಮಾಡುವುದರಲ್ಲಿ ನಾನು ಯಾವ ಕೊರತೆಯನ್ನೂ ಬಿಟ್ಟಿರಲಿಲ್ಲ.

"ನಂಗೊತ್ತು" ಎಂದಳು ಹೆಂಡತಿ, ಬಾಗಿಲಿನಿಂದಲೇ. "ಹಿಂದಿನ ಸಾಲು, ಎಡಗಡೆಯಿಂದ ಮೂರನೆಯವನು. ನೀವು ಕೊನೇಲಿ ಬಣ್ಣ ಬಳಿದವನು ಒಣಗ್ಲಿ ಅಂತ ಮೀಸೇನೂ ಕೊನೇಗೆ ಬರೆದೆ, ಅವನದು ಕಾಡಿಗೇದು. ನೋಡಿ, ಕೆನ್ನೆಗೆ ಮೆತ್ಕೊಂಡಿದೆ."

ಅವನ ಮೀಸೆ ನಿಜವಾಗಿಯೂ ಕಿವಿಯವರೆಗೆ ಹರಡಿತ್ತು. ಅಂಕಲ್ ಅವನ ಮುಂದೆ ಬಗ್ಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ಜನವರಿಯಲ್ಲಿ ಅವರು ವೀಸಾ ಮುಗಿಸಿ ಊರಿಗೆ ಹೊರಡುವವರಿದ್ದರು. ಮೂರು ತಿಂಗಳು ಉಳಿದಿತ್ತು. ಪೊಲೀಸರಿಗೆ ಹೇಳಿದರೆ ಯಾರ್ಡಿಗೆ ಗೊತ್ತಾಗುತ್ತದೆ, ಗೇಟ್ ಪಾಸು ಹೊರಬರುತ್ತದೆ, ನಲವತ್ತು ವರ್ಷ ಬೀಳದ ಕೆಂಪು ಚುಕ್ಕೆ ಬೀಳುತ್ತದೆ. ಅದು ಮೂವರಿಗೂ ಗೊತ್ತಿತ್ತು.

"ಅಂಕಲ್, ನಾನೇ ಹುಷಾರಾಗಿ ಕಿತ್ತು ಹಿಂದಿನ ವಾದಿಯಲ್ಲಿ ಹೂತು ಬರ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದೆ. ನಮ್ಮ ಕಟ್ಟಡದ ಹಿಂದೆ ಒಣ ಹಳ್ಳ, ಮಳೆ ಬಂದಾಗ ಮಾತ್ರ ನೀರು ಕಾಣುವ ವಾದಿ.

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಯೋಚನೆ ಅವರಿಗೂ ಬಂದಿರಬೇಕು.

"ಅಲ್ಲಿ ಮಕ್ಕಳು ಕ್ರಿಕೆಟ್ ಆಡ್ತಾರೆ" ಎಂದರು. ಎಂದು ಜೇಬಿನಿಂದ ಫೋನು ತೆಗೆದು ಪೊಲೀಸರಿಗೆ ಹಚ್ಚಿದರು.

ಬಂದವರಲ್ಲಿ ಇಂಥ ವಸ್ತುಗಳನ್ನೇ ನೋಡಿಕೊಳ್ಳುವ ಒಬ್ಬ ಯುವ ಅಧಿಕಾರಿ ಇದ್ದ. ಬಾಗಿಲಲ್ಲಿ ಬೂಟು ಬಿಚ್ಚಲೇ ಎಂದು ಕೇಳಿದ. ಅಂಕಲ್ ತಮ್ಮ ಯಾರ್ಡಿನ ಅರಬ್ಬಿಯಲ್ಲಿ ಮಹಾರಾಜ, ಆನೆ, ಮೆರವಣಿಗೆ ಎಲ್ಲವನ್ನೂ ವಿವರಿಸಿ, ಕೊನೆಗೆ ಬೆರಳು ಮಾಡಿ "ಶನಬ್" ಎಂದರು. ಮೀಸೆ. ಅಧಿಕಾರಿ ಬಗ್ಗಿ ನೋಡಿದ. ಅವನ ತುಟಿಯ ತುದಿ ಅಲುಗಿತು, ಆದರೆ ನಗಲಿಲ್ಲ. ನಮ್ಮನ್ನೆಲ್ಲ ಕೆಳಗೆ ಕಳಿಸಿ ಅರ್ಧ ಗಂಟೆ ಕೆಲಸ ಮಾಡಿ, ಇಪ್ಪತ್ತೆರಡನ್ನೂ ಪೆಟ್ಟಿಗೆಗೆ ತುಂಬಿದ. ಹಲಗೆ ಮಾತ್ರ ಉಳಿಯಿತು.

ಆಮೇಲೆ ಬರೆದುಕೊಳ್ಳಲು ಕೂತ. ಪಾಸಿನಲ್ಲಿ ಇಪ್ಪತ್ತೊಂದಿದೆ, ಇಪ್ಪತ್ತೆರಡನೆಯದು ಹೇಗೆ ಬಂತು ಎಂದು ಕೇಳಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಂಕಲ್, ಎಣಿಸುವಾಗ ತಾವೇ ತಪ್ಪಿದ್ದಾಗಿ ಹೇಳಿಬಿಟ್ಟರು. ಅಷ್ಟು ಅರಬ್ಬಿ ನನಗೂ ತಿಳಿಯುತ್ತಿತ್ತು. ಜೀವಮಾನದಲ್ಲಿ ಎಣಿಕೆ ತಪ್ಪದವರು ನೆಟ್ಟಗೆ ನಿಂತು ಹಾಗೆ ಹೇಳಿದರು. ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಎರಡು ದಿನದ ನಂತರ ಠಾಣೆಗೆ ಬರಹೇಳಿದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ, ಇವತ್ತು ನಿಜ ಹೇಳಿಬಿಡುತ್ತೇನೆ ಎಂದೆ. "ಬೇಡ ಮಾರಾಯ್ರೆ. ನಿಮ್ಮ ಹುಡುಗ ಈಗ ಶಾಲೆಗೆ ಸೇರಿದ್ದಷ್ಟೆ. ನಾನು ಹೇಗೂ ಜನವರಿಗೆ ಖಲಾಸ್" ಎಂದರು. ನಾನು ಎರಡನೆಯ ಸಲ ಹೇಳಲಿಲ್ಲ. ಹೇಳಿದ್ದರೆ ಅವರು ತಡೆಯುತ್ತಿದ್ದರೋ ಬಿಡುತ್ತಿದ್ದರೋ ಗೊತ್ತಿಲ್ಲ... ಹೇಳದೆ ಇದ್ದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಠಾಣೆಯಲ್ಲಿ ಅದೇ ಅಧಿಕಾರಿ ಮೇಜಿನ ಮೇಲೆ ಕಾಡಿಗೆ ಮೀಸೆಯವನನ್ನು ಮಲಗಿಸಿದ್ದ. ಮಗುಚಿ ಬೆನ್ನು ತೋರಿಸಿದ. ಅಂಟು ಕೆರೆದ ಜಾಗದಲ್ಲಿ, ಪಿನ್ನು ಹೊಡೆಯುವಲ್ಲಿ, ಕಪ್ಪು ರಬ್ಬರಿನ ಬಟ್ಟು. ಒಳಗೆ ಮದ್ದಿನ ಬದಲು ತೂಕಕ್ಕೆ ಮರದ ತುಂಡು. ಇದೂ ತರಬೇತಿಯದೇ, ಬಹಳ ಹಳೆಯದು, ತೂತೂ ಗೀರೂ ಇಲ್ಲದ ಅಪರೂಪದ ಜಾತಿ, ತಾನೂ ಪುಸ್ತಕದಲ್ಲಿ ಮಾತ್ರ ನೋಡಿದ್ದು ಎಂದ. ನೀವು ಕರೆದದ್ದು ಸರಿ, ಗೊತ್ತಿಲ್ಲದ್ದನ್ನು ಮುಟ್ಟದವರು ಕಡಿಮೆ ಎಂದೂ ಹೇಳಿದ.

ನನಗೆ ಎದೆಯ ಭಾರ ಇಳಿದು ಅಲ್ಲೇ ಕುಣಿಯುವಂತಾಯಿತು. ಅಂಕಲ್ ಮಾತ್ರ ಮುಖ ಸಣ್ಣ ಮಾಡಿಕೊಂಡು ಕೂತರು. ವಾಪಸು ಬರುವಾಗ ಅರ್ಧ ದಾರಿಯಲ್ಲಿ, "ನಲವತ್ತು ವರ್ಷ... ಈ ಜಾತಿ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡಿ. ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗನಿಗೆ ಗೊತ್ತುಂಟು" ಎಂದರು. ಯಾರ್ಡಿನವರು ಎಚ್ಚರಿಕೆ ಪತ್ರ ಕೊಟ್ಟರು. ಒಂದೇ ಪುಟ, ಕೊನೆಯಲ್ಲಿ ಸೀಲು. ಆ ಸೀಲು ಕೆಂಪು ಶಾಯಿಯದು. ಅದನ್ನು ಅವರು ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಆ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಶುಕ್ರವಾರದ ಚಹಾ ಮೊದಲಿನಂತೆಯೇ ನಡೆಯಿತು. ಪಾಠ ಮಾತ್ರ ನಿಂತುಹೋಯಿತು, ಬೆಂಡೆಕಾಯಿ ನೇರವಾಗಿ ಪಲ್ಯಕ್ಕೆ ಹೋಗುತ್ತಿತ್ತು.

ಜನವರಿಯಲ್ಲಿ ಅವರು ಹೋದರು. ಆಂಟಿ ಆ ಎರಡು ದೀಪಗಳನ್ನು ಹೊಳೆಯುವಂತೆ ತಿಕ್ಕಿ ನಮಗೆ ವಾಪಸು ಕೊಟ್ಟರು. ಹೊರಡುವ ದಿನ ಅಂಕಲ್ ನಮ್ಮ ಮನೆಗೆ ಬಂದು, ಖಾಲಿ ಹಲಗೆ ಕೇಳಿ ತೆಗೆಸಿ, ಅದರ ವೃತ್ತಗಳನ್ನು ಎಣಿಸಿ, "ಸಾಲು ಚಂದ ಉಂಟು" ಎಂದರು. ಆಮೇಲೆ ಹಬ್ಬಕ್ಕೊಂದು ಫೋನು, ಹೊಸ ವರ್ಷಕ್ಕೊಂದು. ಊರಿಗೆ ಹೋದಾಗ ಅವರನ್ನು ನೋಡಿಬರಬೇಕು, ಎದುರಿಗೆ ಕೂತು ಹೇಳಬೇಕಾದದ್ದು ಹೇಳಬೇಕು ಎಂದು ಪ್ರತಿ ರಜೆಯಲ್ಲಿಯೂ ಅಂದುಕೊಂಡೆ. ಮೈಸೂರಿನಿಂದ ಉಡುಪಿ ಎಷ್ಟು ದೂರ... ಒಂದು ಸಲವೂ ಹೋಗಲಿಲ್ಲ.

ಈ ಜೂನ್‌ನಲ್ಲಿ ಅವರು ತೀರಿಕೊಂಡರೆಂದು ಆಂಟಿ ಫೋನಿನಲ್ಲಿ ಹೇಳಿದರು. ನಿದ್ದೆಯಲ್ಲಿ ಹೋದರಂತೆ. ಹೋದ ವಾರ, ಗೊಂಬೆ ಪೆಟ್ಟಿಗೆ ಇಳಿಸಿದ ಮರುದಿನವೇ, ಊರಿಂದ ಬಂದ ಒಬ್ಬರ ಕೈಯಲ್ಲಿ ಆಂಟಿ ಒಂದು ಕಟ್ಟು ಕಳಿಸಿದ್ದರು. ಹಪ್ಪಳ, ಉಪ್ಪಿನಕಾಯಿ, ಅವುಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಪ್ಪು ನೋಟ್‌ಬುಕ್. "ಇದು ನಿಮಗೆ ಕೊಡ್ಲಿಕ್ಕೆ ಹೇಳಿದ್ರು" ಎಂದು ಆಮೇಲೆ ಫೋನಿನಲ್ಲಿ ತಿಳಿಸಿದರು.

ನಾನೂ ಹೆಂಡತಿಯೂ ಹಾಲಿನ ನೆಲದ ಮೇಲೆ, ಬಿಚ್ಚಿದ ಗೊಂಬೆಗಳ ನಡುವೆ ಕೂತು ಪುಟ ತಿರುವಿದೆವು. ಎಲ್ಲವೂ ನೀಲಿ. ತೂತಿನವು, ಗೀರಿನವು, ಮೊಗ್ಗಿನವು. ಕೊನೆಯ ಪುಟ ಮಾತ್ರ ಕೆಂಪು. ಆ ಮನೆಯೊಳಗೆ ಕೆಂಪು ಪೆನ್ನು ಯಾವಾಗ ಬಂತೋ ತಿಳಿಯದು. ಚಿತ್ರದ ಅಳತೆ ಅಷ್ಟೇ ಕರಾರುವಾಕ್ಕು, ಕೋಟಿನ ಗುಂಡಿ ಸಹಿತ. ಮೂತಿಯ ಮೇಲೆ ಮೀಸೆ, ಅದು ಕಿವಿಯವರೆಗೆ ಹರಡಿದ್ದನ್ನೂ ಬಿಟ್ಟಿಲ್ಲ. ಹೆಂಡತಿ ನಗಲು ಶುರುಮಾಡಿ ಕಣ್ಣೊರೆಸಿಕೊಂಡಳು. ಕೆಳಗೆ ಎಂದಿನಂತೆ ನಾಲ್ಕು ಸಾಲು.

ತೂತು: ಇಲ್ಲ.
ಗೀರು: ಇಲ್ಲ.
ಬೆನ್ನು: ರಬ್ಬರ್.
ತಂದವರು: ನಾನು.

ಯಾರೂ ನೋಡದ, ಯಾವ ಅಧಿಕಾರಿಯೂ ಕೇಳದ ಪುಸ್ತಕದಲ್ಲಿಯೂ ಅವರು ಹಾಗೆಯೇ ಬರೆದಿದ್ದರು.

ಮಗ ಈಗ ಹದಿನಾಲ್ಕು ವರ್ಷದವನು. ಕೋಣೆಗೆ ಹೋಗಿ ಕೆಂಪು ಪೆನ್ನು ಕೇಳಿದೆ. "ವಾಟ್ ಫಾರ್, ಅಪ್ಪಾ?" ಎನ್ನುತ್ತಲೇ ಕೊಟ್ಟ. ನೆಲದ ಮೇಲೆ ಕೂತು, ಅವರ ಅಕ್ಷರದಷ್ಟೇ ಗಾತ್ರಕ್ಕೆ ಅಳೆದುಕೊಂಡು, ಆ ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದೆ.

ಅಲ್ಲ ಅಂಕಲ್, ನಾನು.